ಬೀಗರು ಬರೋದ್ರೊಳಗ ಡಬ್ಬಿ ಬಾಯಿ ಮುಚ್ಚಸ್ರಿ

ಶಹಾಬಾದದಾಗ ನಂದೊಂದು ರಿಪೇರಿ ಅಂಗಡಿ ಅದ. ಮೊದಲ ರೇಡಿಯೋ ಬಿಚ್ಚತಿದ್ದೆ, ಆಮ್ಯಾಲ ಟೀವಿ, ಈಗ ಕಂಪ್ಯೂಟರ್. ಬಿಚ್ಚೋ ಕೆಲಸ ಅದೇ, ಸ್ಕ್ರೂ ಸಣ್ಣ ಆಗ್ಯಾವ, ಚಸ್ಮಾ ದಪ್ಪ ಆಗ್ಯದ. "ಇಂಥಾವೆಲ್ಲ ನಿಮಗೇ ಯಾಕ ಆಗ್ತಾವ?" ಅಂತ ನನ್ನ ಹೆಂಡ್ತಿ ಕೇಳ್ತಿರ್ತಾಳ. ಖರೇ ಹೇಳಬೇಕಂದ್ರ ಅರ್ಧ ತಾನೇ ಆಗ್ತದ, ಉಳಿದರ್ಧ ಹೇಳೋ ಹೊತ್ತಿಗಿ ನಾ ಆಗಸ್ತೀನಿ. ಯಾವ ಅರ್ಧ ಯಾವುದು ಅಂತ ಕೇಳೋರಿಗಿ ಗೊತ್ತಾಗಬಾರದು, ನನಗೂ ನೆನಪಿರಬಾರದು, ಅಷ್ಟೇ.

೧. ಹುಡುಗಿ ಭಾಳ ಒದರ್ತಾಳ

ಬ್ಯಾಸಗಿ ಮಧ್ಯಾಹ್ನ. ಸೇಡಂದಿಂದ ಫೋನ್ ಬಂತು. ಹಲೋ ಅಂದೆ. ಆ ಕಡಿಂದ ಬರೇ ಗಿರಣಿ ಸಪ್ಪಳ.

"ಯಾರ್ರಿ? ಹಿಟ್ಟು ಬೀಸಿಸ್ಕೊಂಡು ಹೊರಗ ಬಂದು ಮಾತಾಡ್ರಿ," ಅಂದೆ.

"ಗಿರಣ್ಯಾಗಿಲ್ರಿ ಕಾಕಾ, ನಮ್ಮ ಮನ್ಯಾಗೇ ಕುಂತೀನಿ!"

ಸೇಡಂ ಫೋಟೋ ಸ್ಟುಡಿಯೋದಾಂವ. ಆ ಸೀಮ್ಯಾಗ ಯಾರ ಮದುವಿ ಆದ್ರೂ ಅಕ್ಕಿಕಾಳು ಬೀಳೋಕಿಂತ ಮೊದಲ ಇವನ ಕ್ಯಾಮೆರಾ ಹೋಗಿ ನಿಂತಿರ್ತದ. ಮನಿ ಮುಂದಿನ ಖೋಲಿನೇ ಸ್ಟುಡಿಯೋ, ಮಂದಿ ಬಂದ್ರ ಕುಂದ್ರೋದೂ ಅಲ್ಲೇ. ಆ ಖೋಲ್ಯಾಗ ಒಂದು ತಗಡಿನ ಡಬ್ಬಿ. ಡಬ್ಬ್ಯಾಗ ನಾಕು ಹಾರ್ಡ್ ಡಿಸ್ಕ್. ಸೇಡಂ, ಚಿಂಚೋಳಿ ಕಡಿ ಮದುವಿ ಎಲ್ಲ ಆ ನಾಕರಾಗೇ ತುಂಬ್ಯಾವ. ಡಿಸ್ಕ್ ದಿನಾ ತಿರಗಿ ತಿರಗಿ ಬಿಸಿ ಆಗ್ತಾವ, ಅವನ್ನ ತಂಪ ಇಡಾಕ ಹಿಂದ ಒಂದು ಫ್ಯಾನು. ಫ್ಯಾನು ಅಂದ್ರ ಎಷ್ಟರದು? ಪುರಿಯಷ್ಟು. ಆದ್ರ ಅದು ಹೊಡ್ಯೋ ಬೊಬ್ಬಿ ಸೇಡಂ ಸ್ಟೇಷನ್ದಾಗ ಕೇಳಿ ಮಂದಿ ಗಾಡಿ ಬಂತು ಅಂತ ಚೀಲ ಎತ್ತಕೋತಿದ್ರು.

"ಏನ ಆಯ್ತು ಹೇಳು," ಅಂದೆ.

ಆದದ್ದು ಇದು. ಅವನ ಮಗಳನ್ನ ನೋಡಾಕ ಕಲಬುರಗಿ ಕಡಿಂದ ಬಂದಿದ್ರಂತ. ಹುಡುಗನ ಸ್ವಾದರಮಾವ "ನಿನ್ನ ಹೆಸರೇನವ್ವಾ?" ಅಂದ. ಹುಡುಗಿ ಮೆಲ್ಲಕ ಹೇಳಿದಳು. ಫ್ಯಾನಿನ ಗದ್ದಲದಾಗ ಕೇಳಲಿಲ್ಲ. "ಆಂ?" ಅಂದ. ಜೋರಾಗಿ ಹೇಳಿದಳು. "ಆಂ?" ಅಂದ. ಹುಡುಗಿಗಿ ಸಿಟ್ಟು ಬಂತು, ಎದಿತುಂಬ ಉಸಿರು ತಗೊಂಡು ಒದರಿದಳು. ಕರೆಕ್ಟ್ ಅದೇ ಹೊತ್ತಿಗಿ ಕರೆಂಟ್ ಹೋಯ್ತು. ಫ್ಯಾನು ಗಪ್. ಖೋಲಿತುಂಬ ಹುಡುಗಿ ಹೆಸರು ಒಂದೇ.

ಬಂದವರು ಚಹಾ ಅರ್ಧಕ್ಕ ಬಿಟ್ಟು ಎದ್ರು. ಮರುದಿನ ಹೇಳಿಕಳಿಸಿದ್ರು: "ಹುಡುಗಿ ಛಲೋ ಅದಾಳ. ಆದ್ರ ಭಾಳ ಒದರ್ತಾಳ. ನಮ್ಮದು ಸಣ್ಣ ಮನಿ."

"ಈಗ ಸುಲೇಪೇಟದವರು ಬರೋರದಾರ ಕಾಕಾ," ಅಂದ ಸ್ಟುಡಿಯೋದಾಂವ. "ಬೀಗರು ಬರೋದ್ರೊಳಗ ಈ ಡಬ್ಬಿ ಬಾಯಿ ಮುಚ್ಚಸ್ರಿ."

ಅಷ್ಟರಾಗ ಮಗಳೇ ಫೋನ್ ಕಸ್ಗೊಂಡಳು. ಅಪ್ಪ ಹಿಡ್ಕೊಂಡು ಬಂದ ಮದುವಿ ಎಲ್ಲ ಕಂಪ್ಯೂಟರಿನ್ಯಾಗ ಕತ್ತರಿಸಿ ಜೋಡಸಾಕಿ ಅಕಿನೇ.

"ಮುತ್ಯಾ, ಈ ಸಂಬಂಧ ತಪ್ಪಬಾರದು ನೋಡ್ರಿ."

"ಯಾಕವ್ವಾ, ಹುಡುಗನ್ನ ನೋಡೀಯೇನು?"

"ಸುಲೇಪೇಟದಾಗ ಅವರ ಅಣ್ಣನ ಮದುವಿ ಆಗಿತ್ತು. ಆ ವಿಡಿಯೋ ನಾನೇ ಜೋಡಿಸೀನಿ. ಪಂಗತ್ಯಾಗ ಹೋಳಿಗಿ ಬಡಸಾಕತ್ತಿದ್ದ."

ಆಮ್ಯಾಲ ನಾ ಆ ವಿಡಿಯೋ ನೋಡೀನಿ. ಮದುಮಗ ಬರೇ ತಾಳಿ ಕಟ್ಟೋ ಹೊತ್ತಿಗಿ ಬಂದು ಹೋಗ್ತಾನ. ಉಳಿದದ್ದೆಲ್ಲ ಹೋಳಿಗಿ ಬಡಸೋ ಹುಡುಗ.

೨. ಮೊಸರು ಮಾತ್ರ ಗಟ್ಟಿ

ನಾ ಹೇಳಿದೆ, "ಹೊಸ ಫ್ಯಾನು ತರಸ್ತೀನಿ. ಅಲ್ಲಿತನಕ ಅದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ." ಹಂಗ ಹೇಳಬಾರದಿತ್ತು. ನಮ್ಮ ಕಡಿ ಕೈ ಹಚ್ಚಬ್ಯಾಡ ಅಂದ್ರ, ಮನಿ ಮಂದಿಯೆಲ್ಲ ಕೈ ತೊಳಕೊಂಡು ಬಂದು ಹಚ್ಚತಾರ.

ಮೊದಲ ಸ್ಟುಡಿಯೋದಾಂವ ಫ್ಯಾನಿಗಿ ಎಣ್ಣಿ ಬಿಟ್ಟ. ಹೊಲಿಗಿ ಮಷಿನ್ ಎಣ್ಣಿ ಸಿಗಲಿಲ್ಲಂತ ಕುಸುಬಿ ಎಣ್ಣಿ. ಬಿಸಿಗಿ ಅದು ಕಾಯ್ತು. ಸ್ಟುಡಿಯೋಕ್ಕ ಪಾಸ್‌ಪೋರ್ಟ್ ಫೋಟೋ ತಗಸಾಕ ಬಂದಾಂವ ಖುರ್ಚಿ ಮ್ಯಾಲ ಕುಂತು, "ಫೋಟೋ ಆಮ್ಯಾಲ ತೆಗೀರಿ, ಮೊದಲ ಒಂದು ಪ್ಲೇಟ್ ಭಜಿ ಕೊಡ್ರಿ," ಅಂದನಂತ.

ಎಣ್ಣಿಗಿ ಸಪ್ಪಳ ಬಗ್ಗಲಿಲ್ಲ. ಆವಾಗ ಅವನ ತಾಯಿ, ಎಲ್ಲಾರೂ ಆಯಿ ಅಂತಾರ, ಅಕಿ ಎದ್ದಳು. ವಯಸ್ಸು ಭಾಳ ಆಗ್ಯದ, ಹಲ್ಲು ಹೋಗ್ಯಾವ, ದನಿ ಹೋಗಿಲ್ಲ. ಮತ್ತೊಂದು ಫೋನ್ ಬಂತು.

"ಕಾಕಾ, ಕೇಳ್ರಿ!"

ಕಿವಿಗಿ ಒತ್ತಿ ಹಿಡಿದೆ. "ಏನೂ ಕೇಳವಲ್ದಲ್ಲೋ."

"ಹಂಗಂದ್ರ ಆಯ್ತಲ್ರಿ! ಅವ್ವ ಹಿಂದಿನ ತೂತಿನ್ಯಾಗ ಹಳೇ ಸೀರಿ ತುಂಡು ತುರುಕ್ಯಾಳ. ಗಪ್ ಕುಂತದ!"

ನಾ ಖುರ್ಚಿ ಬಿಟ್ಟು ಎದ್ದೆ. "ಅಲೇ ಮಾರಾಯಾ, ಫ್ಯಾನು ನಿಂತದ! ಡಿಸ್ಕ್ ಬೆಂದು ಹೋಗ್ತಾವ! ಆಯಿ ಕೈಗಿ ಕೊಡು ಫೋನ್."

ಆಯಿ ಬಂದಳು. "ಏನಪಾ?"

"ಆಯಿ, ಅದರ ಉಸಿರು ಕಟ್ಟೀದಿ ನೀ. ಕೆಂಡದಂಗ ಬಿಸಿ ಆಗ್ತದ ಅದು."

"ಬಿಸಿ ಆಗ್ತದಂತ ಗೊತ್ತದಪಾ. ಅದಕ್ಕೇ ಅದರ ಮ್ಯಾಲ ಹಾಲಿನ ಗಡಗಿ ಇಟ್ಟೀನಿ. ಏನ ಮೊಸರಂತಿ! ಗಡಗಿ ಬೋರಲ ಹಾಕಿದ್ರೂ ಬೀಳವಲ್ದು. ನಿನಗೂ ಒಂದು ಡಬ್ಬಿ ಕಳಸ್ತೀನಿ."

ಮರುದಿನ ಮುಂಜಾನಿ ನಾಕು ಡಿಸ್ಕಿನ್ಯಾಗ ಒಂದು ಟಿಕ್ ಟಿಕ್ ಅಂತು, ಆಮ್ಯಾಲ ಅದೂ ಅನ್ನಲಿಲ್ಲ. ಸತ್ತಿತು.

ಈ ಡಬ್ಬಿದು ಒಂದು ಪುಣ್ಯ ಅದ. ನಾಕರಾಗ ಒಂದು ಸತ್ರ, ಹೊಸಾದು ತಂದು ಹಾಕಿದ್ರ ಉಳಿದ ಮೂರು ಕೂಡಿ ಸತ್ತಾಂವ್ನ ಸರಕೆಲ್ಲ ಹೊಸಾಂವ್ಗ ತುಂಬಿಕೊಡ್ತಾವ. ಆದ್ರ ತುಂಬೋ ಹೊತ್ತಿನ್ಯಾಗ ಇನ್ನೊಂದು ಸತ್ರ ಪೂರಾ ಖಲಾಸ್. ಊರ ಮಂದಿ ಮದುವಿಗಿ ಸಾಕ್ಷಿನೇ ಇಲ್ಲ. ಸ್ಟುಡಿಯೋದಾಂವ ಸೀರಿ ತುಂಡು ಕಿತ್ತಿ, ಹೊಸ ಡಿಸ್ಕ್ ತರಿಸಿ ಹಾಕಿ ಚಾಲೂ ಮಾಡಿದ. ಅದು ತುಂಬಿ ಮುಗ್ಯೋದು ಸೋಮವಾರ ಸಂಜಿಗಿ. ಸುಲೇಪೇಟದವರು ಬರೋದು ಸೋಮವಾರ ಮಧ್ಯಾಹ್ನಕ್ಕ. ಅಂದ್ರ ಬೀಗರ ಮುಂದ ಡಬ್ಬಿ ಬಂದ್ ಮಾಡಂಗಿಲ್ಲ, ಬಿಸಿ ಮಾಡಂಗಿಲ್ಲ, ಒದರಸಂಗಿಲ್ಲ.

ಮಗ ತಲಿ ಮ್ಯಾಲ ಕೈ ಹೊತ್ತು ಕುಂತಾನ. ಆಯಿ ಬಾಜೂಕ ಬಂದು ಕುಂತು ಕೇಳಿದಳಂತ: "ಸತ್ತದ್ದು ಯಾವ ಕಡೀದೋ? ಬಲಗಡೀದು ಉಳಿದಿದ್ರ ಹೇಳು, ಗಡಗಿ ಅಲ್ಲಿಡ್ತೀನಿ."

೩. ಚಿತ್ತಾಪುರದ ಮೀಸಿ

ಸೋಮವಾರ ಮುಂಜಾನಿ ನಾ ಹೊಂಟೆ. ಫ್ಯಾನು ಹೆಂಗಂದ್ರ ಮನಷ್ಯಾರ ಹಂಗೇ. ಸಣ್ಣದು ಭಾಳ ಓಡಬೇಕು, ಅದಕ್ಕ ಒದರ್ತದ. ದೊಡ್ಡದು ಗೌಡರ ಹಂಗ ಸಾವಕಾಶ ತಿರಗತದ, ಗಾಳಿ ಅಷ್ಟೇ ಕೊಡ್ತದ. ಅದಕ್ಕ ನಾ ಅಂಗೈ ಅಗಲದ ದೊಡ್ಡ ಫ್ಯಾನು ತರಿಸಿದ್ದೆ. ಡಬ್ಬಿ ಹಿಂದಿನ ತಗಡು ತೆಗೆದು ಅಲ್ಲಿ ಕೂಡ್ರಸಾಕ ಪ್ಲೈವುಡ್ ಚೌಕಟ್ಟು ಕೊಯ್ಸಿ, ಫ್ಯಾನಿನ ನಡುಕ ತಗಡಿಗಿ ಹತ್ತಬಾರದಂತ ಸೈಕಲ್ ಟ್ಯೂಬಿನ ರಬ್ಬರ್ ತುಂಡು ನಡುವ ಇಟ್ಟು ಬಿಗಿದು, ಚೀಲದಾಗ ಹಾಕ್ಕೊಂಡೆ.

ವಾಡ್ಯಾಗ ಗಾಡಿ ಬದಲಿ ಮಾಡಬೇಕು. ವಾಡಿ ನಿಮಗ ಗೊತ್ತದಲ್ಲ, ಬಿಳಿ ಅಂಗಿ ಹಾಕ್ಕೊಂಡು ಇಳಿದ್ರ ಬೂದಿ ಅಂಗಿ ಹಾಕ್ಕೊಂಡು ಹತ್ತತೀವಿ. ಸಿಮೆಂಟಿನ ಧೂಳು ಫ್ಯಾನಿನ್ಯಾಗ ಹೊಕ್ಕಿದ್ರ ಕೆಟ್ಟ ಅಂತ ಗಾಡ್ಯಾಗ ಕುಂತ ಮ್ಯಾಲ ಹೊರಗ ತೆಗೆದು, ಕಿಸೇದಾಗಿನ ಬ್ಯಾಟರಿಗಿ ವೈರ್ ಹಚ್ಚಿ ನೋಡಿದೆ. ಸುರ್ ಅಂತ ತಿರಗಿತು, ಸಪ್ಪಳಿಲ್ಲ.

ಎದುರಿಗಿ ಒಬ್ಬ ಹಿರಿಯ ಮನಷ್ಯಾ ಕುಂತಿದ್ದ. ಚಿತ್ತಾಪುರ ಕೋರ್ಟಿನ ಬಾಗಲದಾಗ ನಿಂತು ಹೆಸರು ಕೂಗೋ ಕೆಲಸ ಮಾಡಿ ರಿಟೈರ್ ಆದಾಂವ. ಮೀಸಿ ಅಂದ್ರ ಮೀಸಿ, ಎರಡೂ ಕಡಿ ನಿಂಬಿಹಣ್ಣು ನಿಂದರಸಬಹುದು.

"ಏನದು?"

"ಫ್ಯಾನ್ರಿ."

"ತಿರಗವಲ್ದಲ್ಲ?"

"ತಿರಗಾಕತ್ತದ್ರಿ."

"ಸಪ್ಪಳೆಲ್ಲದ?"

"ಸಪ್ಪಳ ಬರಬಾರದಂತೇ ತಂದೀನ್ರಿ."

"ನಲವತ್ತು ವರ್ಷ ಕೋರ್ಟಿನ್ಯಾಗ ಸುಳ್ಳು ಕೇಳೀನಿ, ನನಗ ಹೇಳ್ತಿ?" ಅಂತ ಅಂವ ಮುಂದ ಬಗ್ಗಿದ. ಗಾಳಿ ಬರ್ತದೋ ಇಲ್ಲೋ ನೋಡಾಕ ಮಾರಿ ಇಷ್ಟು ಹತ್ರ ತಂದ. ಬಂದ್ ಮಾಡಬೇಕಂತ ನಾ ವೈರ್ ಹುಡಕೋದ್ರೊಳಗ ಎಡಗಡಿ ಮೀಸಿ ಒಳಗ ಹೋಗಿ ಕುಂತಿತು.

"ಯಪ್ಪೋ!" ಅಂದ ನೋಡ್ರಿ. ಹೆಸರು ಕೂಗೋ ದನಿ. ಮುಂದಿನ ಡಬ್ಬ್ಯಾಗಿನ ಮಂದಿ ತಮ್ಮ ಕೇಸ್ ಬಂತೇನೋ ಅಂತ ಎದ್ದು ನಿಂತ್ರು.

ಮೀಸಿ ಬಿಡಸಾಕ ಹೋದ್ರ, ಜಗ್ಗಬ್ಯಾಡ ಅಂತಾನ. ಫ್ಯಾನಿನ ಸ್ಕ್ರೂ ಬಿಚ್ಚತೀನಿ ಅಂದ್ರ, ಅಲ್ಲಾಡಸಬ್ಯಾಡ ಅಂತಾನ. ಅಂವ ಮಾರಿಗಿ ಫ್ಯಾನು ಕಟ್ಟಿಕೊಂಡು ಕುಂತಂಗೇ ಗಾಡಿ ಚಿತ್ತಾಪುರ ಸ್ಟೇಷನ್ನಿಗಿ ಬಂತು.

"ನಿನ್ನ ಚಿತ್ತಾಪುರ ಕೋರ್ಟಿಗಿ ಎಳೀತೀನಿ!" ಅಂದ.

"ನನ್ನ ಆಮ್ಯಾಲ ಎಳೀರಿ ಯಜಮಾನ್ರ," ಅಂದೆ, "ಮೊದಲ ಮೀಸಿ ಎಳಕೋರಿ, ಗಾಡಿ ಬಿಡ್ತದ."

೪. ಕೈ ಹಚ್ಚದೇ ಹತ್ತಿತು

ಸೇಡಂ ಮುಟ್ಟಿದಾಗ ಹೊತ್ತು ಏರಿತ್ತು. ಮನ್ಯಾಗ ಹೋಳಿಗಿ ವಾಸನಿ, ಸ್ಟುಡಿಯೋದಾಗ ಡಬ್ಬಿ ಬೊಬ್ಬಿ. ಡಬ್ಬಿ ಬಂದ್ ಮಾಡಂಗಿಲ್ಲಲ್ಲ, ಓಡೋ ಎತ್ತಿಗಿ ಲಾಳ ಹೊಡೆದಂಗ ಕೆಲಸ. ಎದುರಿಗಿ ಟೇಬಲ್ ಫ್ಯಾನ್ ಇಟ್ಟು ಡಿಸ್ಕಿಗಿ ಗಾಳಿ ಹೊಡಕೋತ, ಹಿಂದಿನ ತಗಡು ಬಿಚ್ಚಿದೆ, ಹಳೇ ಫ್ಯಾನು ಕಿತ್ತೆ. ಖೋಲಿ ಒಮ್ಮೆಲೆ ಗಪ್ ಆಯ್ತು. ಹಳೇ ಫ್ಯಾನು ನನ್ನ ಚೀಲಕ್ಕ ಒಗದೆ. ರಿಪೇರಿ ಮಾಡೋ ಮಂದಿ ಹೆಣ ಬಿಟ್ಟು ಏನೂ ಒಗ್ಯಂಗಿಲ್ಲ. ಹೊಸ ಫ್ಯಾನಿನ್ಯಾಗ ಉಳಿದಿದ್ದ ಎಡಗಡಿ ಮೀಸಿ ತೆಗೆದು, ಚೌಕಟ್ಟು ಕೂಡ್ರಿಸಿ, ಡಬ್ಬಿ ಅಲ್ಲಾಡಬಾರದಂತ ಕೆಳಗ ನಮ್ಮೂರ ಫರಸಿ ಕಲ್ಲಿನ ತುಂಡು ಇಟ್ಟೆ. ಶಹಾಬಾದದಾಂವ ಫರಸಿ ಇಲ್ದ ಯಾವ ಕೆಲಸಾನೂ ಮುಗಸಂಗಿಲ್ಲ.

"ತಡೀರಿ ಕಾಕಾ," ಅಂದಳು ಸ್ಟುಡಿಯೋದಾಂವ್ನ ಹೆಂಡ್ತಿ. "ಹೊಸ ಸಾಮಾನು, ಪೂಜಾ ಮಾಡದೇ ಹೆಂಗ ಚಾಲೂ ಮಾಡ್ತೀರಿ?"

ಡಬ್ಬಿ ಮುಂದ ತಾಟು ಇಟ್ಟಳು. ತಾಟಿನ್ಯಾಗ ಪುಡಿ ಮಾಡಿದ ವಿಭೂತಿ, ಎರಡು ಹೂವು. ಎಲ್ಲಾರೂ ಕೈ ಮುಗದು ನಿಂತ್ರು. ನಾ ಹೊಸ ಫ್ಯಾನಿನ ಸ್ವಿಚ್ ಒತ್ತಿದೆ.

ಡಬ್ಬಿ ಮುಂದಿನಿಂದ ಗಾಳಿ ಭರ್ ಅಂತ ಬಂತು. ತಾಟಿನ್ಯಾಗಿನ ವಿಭೂತಿ ಎಲ್ಲ ಮ್ಯಾಲ ಎದ್ದಿತು. ಕಣ್ಣು ಬಿಟ್ಟು ನೋಡಿದ್ರ ಸ್ಟುಡಿಯೋದಾಂವ್ನ ಹಣಿ, ಹುಬ್ಬು, ಮೂಗು ಎಲ್ಲ ಬೆಳ್ಳಗ. ಹೆಂಡ್ತಿ ಬೆಳ್ಳಗ. ಮಗಳು ಸೀನಾಕತ್ತಾಳ. ನನ್ನ ಚಸ್ಮಾ ಸುಣ್ಣ ಬಳಿದ ಗ್ವಾಡಿ ಆಗ್ಯದ.

ಫ್ಯಾನಿನ ಅಂಚಿನ್ಯಾಗ ಗಾಳಿ ಯಾವ ಕಡಿ ಹೋಗ್ತದ ಅಂತ ಬಾಣ ಹಾಕಿರ್ತಾರ. ನಾ ಉಲ್ಟಾ ಕೂಡ್ರಿಸಿದ್ದೆ. ಬಿಸಿಗಾಳಿ ಹಿಂದ ಒಗೀಬೇಕಾದದ್ದು ಮುಂದ ಒಗದಿತ್ತು. ಬಾಯಿ ಬಿಡಬೇಕು ಅನ್ನೋದ್ರೊಳಗ ಆಯಿ ಎರಡೂ ಕೈ ಎತ್ತಿ ಮುಗದಳು.

"ಯಪ್ಪಾ ಬಸವಣ್ಣಾ! ಕೈ ಹಚ್ಚದೇ ಹತ್ತಿತಲ್ಲೋ!"

ನಾ ಬಾಯಿ ಮುಚ್ಚಿಕೊಂಡೆ. "ಹಿಂಗೇ ಆಯಿ, ಈ ಕಂಪನಿ ಫ್ಯಾನು. ಮೊದಲ ಮನಿ ಮಂದಿಗಿ ವಿಭೂತಿ ಹಚ್ಚತದ, ಆಮ್ಯಾಲ ಕೆಲಸಕ್ಕ ಹತ್ತತದ," ಅಂತ ಹೇಳಿ, ಪೂಜಾ ತಾಟು ಒಳಗ ಹೋದಾಗ ಮೆಲ್ಲಕ ತಿರುವಿ ಸುಲ್ಟಾ ಮಾಡಿದೆ.

ಸಪ್ಪಳ ಪೂರಾ ಬಂದ್. ಆದ್ರ ಕಂಪ್ಯೂಟರ್ ಮುಂದ ಕುಂತಿದ್ದ ಹುಡುಗಿ ಮಾರಿ ಇಳಿಸಿದಳು. "ಮುತ್ಯಾ, ಡಿಸ್ಕ್ ಬಿಸಿ ಏರಾಕತ್ತದ. ಹಳೇ ಮೂರೂ ಕೆಂಪು ತೋರಸಾಕತ್ತಾವ."

ಬಗ್ಗಿ ಚೌಕಟ್ಟಿನ ಅಂಚಿಗಿ ಕಾಗದದ ಚೂರು ಹಿಡಿದು ನೋಡಿದೆ. ಚೂರು ಪಟ್ ಅಂತ ಅಂಟಿಕೊಂಡಿತು. ಗಾಳಿ ಭಾಳ ಮೈಗಳ್ಳ. ಡಿಸ್ಕಿನ ಸಂದ್ಯಾಗ ಹಾದು ಬಾ ಅಂದ್ರ ಬರವಲ್ದು, ಪ್ಲೈವುಡ್ಡಿನ ಬಿರುಕಿನ್ಯಾಗ ಹೊಕ್ಕು ಅಲ್ಲೇ ಹೊರಗ ಹೋಗಾಕತ್ತಿತ್ತು. ಬಿರುಕು ಮುಚ್ಚಬೇಕು. ಬೀಗರು ಬಸ್‌ಸ್ಟ್ಯಾಂಡಿನ್ಯಾಗ ಇಳಿದೀವಿ ಅಂತ ಫೋನ್ ಮಾಡ್ಯಾರ. ಮೇಣ ಇಲ್ಲ, ಟೇಪ್ ಇಲ್ಲ. ನಾ ಅಡಗಿಮನಿಗಿ ಓಡಿ ಆಯಿ ಮುಂದಿನ ಪರಾತಕ್ಕ ಕೈ ಹಾಕಿ, ಹೋಳಿಗಿ ಕಣಕ ಒಂದು ಮುದ್ದಿ ಎತ್ತಿಕೊಂಡು ಬಂದು ಸುತ್ತೂ ಮೆತ್ತಿದೆ. ಗಾಳಿಗಿ ಬ್ಯಾರೆ ದಾರಿ ಉಳೀಲಿಲ್ಲ, ಡಿಸ್ಕ್ ನಡುವೇ ಹಾದು ಬಂತು.

"ಇಳೀತು! ಹಸಿರು ಬಂತು ಮುತ್ಯಾ!" ಅಂದಳು ಹುಡುಗಿ.

ಆಯಿ ಬಾಗಲದಾಗ ನಿಂತು ನೋಡಿ ಕೇಳಿದಳು: "ಕಣಕ ಹಚ್ಚೀದಿ, ಛಲೋ ಆಯ್ತು. ಹೂರಣ ಯಾವಾಗ ತುಂಬ್ತಿ?"

೫. ನಾ ಮೆಲ್ಲಕೇ ಮಾತಾಡಾಕತ್ತೀನಿ

ಸುಲೇಪೇಟದವರು ಬಂದ್ರು. ಹುಡುಗ, ಅವರವ್ವ, ಅವರಪ್ಪ. ಹುಡುಗ ತೆಳ್ಳಗ, ಅವ್ವ ಬಿಗಿ, ಅಪ್ಪ ಮಾತ್ರ ಬಾಗಲದಾಗ ಸ್ವಲ್ಪ ಓರಿ ಆಗಿ ಒಳಗ ಬರಬೇಕಾಯ್ತು. ಎಲ್ಲಾರೂ ಕುಂತ್ರು. ಡಬ್ಬಿ ಮೂಲ್ಯಾಗ ಸಾಧು ಹಂಗ ಕುಂತದ, ಹೊಸ ಡಿಸ್ಕ್ ತುಂಬಾಕತ್ತದ, ಒಂದು ಸೊಲ್ಲಿಲ್ಲ. ಗ್ವಾಡಿ ಗಡಿಯಾರದ ಟಿಕ್ ಟಿಕ್ ಆ ಮನ್ಯಾಗ ಅವತ್ತೇ ಮೊದಲ ಕೇಳಿದ್ದು.

"ನಿನ್ನ ಹೆಸರೇನವ್ವಾ?" ಅಂದ್ರು ಹುಡುಗನ ಅವ್ವ. ಹುಡುಗಿ ಮೆಲ್ಲಕ ಹೇಳಿದಳು. ಎಲ್ಲಾರಿಗೂ ಕೇಳಿತು. ಸ್ಟುಡಿಯೋದಾಂವ ನನ್ನ ಕಡಿ ನೋಡಿ ಕಣ್ಣಾಗೇ ನಮಸ್ಕಾರ ಮಾಡಿದ. ನಾ ಮೀಸಿ ತಿರುವಿದೆ, ನಂದು ಎರಡೂ ಕಡೀದು ಇತ್ತಲ್ಲ.

ಹೋಳಿಗಿ ಬಂದ್ವು. ಹುಡುಗನ ಅಪ್ಪ ಒಂದು ತಿಂದ್ರು, ತುಪ್ಪ ಹಾಕಿಸ್ಕೊಂಡು ಮತ್ತೊಂದು ತಿಂದ್ರು, ಮಗನ ತಾಟಿಂದೊಂದು ಎತ್ತಿದ್ರು. ಹೆಂಡ್ತಿ ನೋಡಿದ್ರು. ಅವರು ನೋಡಲಿಲ್ಲ.

ಈಗ ಒಂದು ಮಾತು ನಮಗ ಯಾರಿಗೂ ಹೊಳೆದಿರಲಿಲ್ಲ. ಆ ಮನಿ ಮಂದಿ ವರ್ಷಾನುಗಟ್ಟಲೆ ಆ ಫ್ಯಾನಿನ ಗದ್ದಲದಾಗೇ ಮಾತಾಡಿ ಬೆಳೆದವರು. ಅವರ ಪಿಸುಮಾತು ಅಂದ್ರ ನಮ್ಮ ನಿಮ್ಮ ಮೈಕ್. ಒಳಗ ಅಡಗಿಮನ್ಯಾಗ ಆಯಿ ಸೊಸಿ ಕಿವ್ಯಾಗ ಏನೋ ಗುಟ್ಟು ಹೇಳಿದಳು. ಆ ಗುಟ್ಟು ಸೇಡಂ ಬಸ್‌ಸ್ಟ್ಯಾಂಡಿನತನಕ ಹೋಯ್ತು.

"ಏನ ತಿಂತಾನಬೇ ಅವರಪ್ಪ! ಬಾಯಿ ಅದನೋ ತೊಗರಿ ರಾಶಿ ಮಾಡೋ ಮಷಿನ್ ಅದನೋ! ನಮ್ಮ ಹುಡುಗಿ ಆ ಮನಿಗಿ ಹೋದ್ರ ಒಲಿ ಮುಂದಿಂದ ಏಳಂಗೇ ಇಲ್ಲ!"

"ಅತ್ತಿ, ಮೆಲ್ಲಕ! ಕೇಳ್ತದ!" ಸೊಸಿ ದನಿ ಇನ್ನೂ ಜೋರ.

"ನಾ ಮೆಲ್ಲಕೇ ಮಾತಾಡಾಕತ್ತೀನಿ! ಆ ಡಬ್ಬಿ ಗದ್ದಲದಾಗ ಅವರಿಗೇನ ಕೇಳ್ತದ?"

ಹೊರಗ ಹುಡುಗನ ಅಪ್ಪನ ಕೈಯಾಗಿನ ಹೋಳಿಗಿ ತಾಟಿಗೂ ಬಾಯಿಗೂ ನಡುವ ನಿಂತಿತು. ಸ್ಟುಡಿಯೋದಾಂವ್ನ ಮಾರಿ ಮತ್ತ ಬೆಳ್ಳಗಾಯ್ತು, ಈ ಸಲ ವಿಭೂತಿ ಇಲ್ಲದೇ. ಹುಡುಗಿ ಚಹಾದ ತಾಟು ಹಿಡಕೊಂಡು ನಿಂತಾಕಿ, ನನ್ನ ಬಾಜೂ ಬಗ್ಗಿ, "ಮುತ್ಯಾ, ಆ ಹಳೇ ಫ್ಯಾನು ಹೊಳ್ಳಿ ಹಚ್ಚರಿ," ಅಂದಳು. ಅದೂ ಎಲ್ಲಾರಿಗೂ ಕೇಳಿತು. ಅಕಿಯೂ ಅದೇ ಮನಿ ಹುಡುಗಿ ಅಲ್ಲೇನ್ರಿ.

ಹುಡುಗನ ಅವ್ವ ತಾಟು ಕೆಳಗ ಇಟ್ರು. "ಒಳಗ ಮಾತಾಡಿದವರು ಯಾರು?"

"ನಮ್ಮವ್ವ ರೀ... ವಯಸ್ಸಾಗ್ಯದ... ತಪ್ಪು ತಿಳಕೋಬ್ಯಾಡ್ರಿ..." ಅಂದ ಸ್ಟುಡಿಯೋದಾಂವ.

"ಹೊರಗ ಕರೀರಿ."

ಆಯಿ ಕೈಗಿ ಕಣಕ ಹತ್ತಿದ್ದಂಗೇ ಬಂದು ನಿಂತಳು. ಹುಡುಗನ ಅವ್ವ ಎದ್ದು ಹೋಗಿ ಆಯಿ ಎರಡೂ ಕೈ ಹಿಡಕೊಂಡ್ರು.

"ಯವ್ವಾ, ಡಾಕ್ಟರ್ ಹೇಳಿ ಸೋತ, ನಾ ಹೇಳಿ ಹೇಳಿ ಗಂಟಲ ಒಣಗಿತು, ಇವರ ಕೈ ಎಂದೂ ನಿಂತಿರಲಿಲ್ಲ. ನಿಮ್ಮ ಒಂದು ಮಾತಿಗಿ ಹೋಳಿಗಿ ನಡುದಾರ್ಯಾಗ ನಿಂತದ ನೋಡ್ರಿ! ಇಂಥಾ ಮನಿ ಹುಡುಗಿನೇ ಬೇಕು ನಮಗ."

ಹುಡುಗ ಈಗ ಹುಡುಗಿನ್ನ ಕೇಳಿದ, "ನಮ್ಮ ಅಣ್ಣನ ಮದುವಿ ವಿಡಿಯೋದಾಗ ಬರೇ ನಾನೇ ಯಾಕ ಕಾಣ್ತೀನಿ?"

"ಎಲ್ಲಾರಿಗೂ ಸಮ ಬಡಸಾಕತ್ತೀರೋ ಇಲ್ಲೋ ಅಂತ ನೋಡಾಕತ್ತಿದ್ದೆ," ಅಂದಳು. "ನಿಮ್ಮಪ್ಪಗ ಎರಡು ಹೆಚ್ಚ ಬಿದ್ದಿದ್ವು."

ಸಂಜಿಗಿ ಹೊಸ ಡಿಸ್ಕ್ ತುಂಬಿ ಮುಗೀತು. ಊರ ಮಂದಿ ಮದುವಿ ಎಲ್ಲ ಉಳಿದ್ವು, ಇನ್ನೊಂದಕ್ಕ ಜಾಗಾನೂ ಆಯ್ತು.

ಆಮ್ಯಾಲ ಒಂದಿನ ನನ್ನ ಅಂಗಡಿ ಮುಂದ ಆಟೋ ಬಂದು ನಿಂತು ಒಂದು ಕಡಿ ಮ್ಯಾಲ ಎದ್ದಿತು. ಇಳಿದವರು ಹುಡುಗನ ಅಪ್ಪ, ಸುಲೇಪೇಟದಿಂದ ನನ್ನ ಹುಡಕ್ಕೊಂಡು ಬಂದಿದ್ರು. ಆ ಕಡಿ ಈ ಕಡಿ ನೋಡಿ ಕೇಳಿದ್ರು: "ಆ ಹಳೇ ಫ್ಯಾನು ಇನ್ನೂ ಅದನ್ರಿ?"

"ಅದ್ರಿ. ಯಾಕ?"

"ಮನ್ಯಾಗ ಕುಂದ್ರಾಕ ಆಗವಲ್ದು. ನಾ ತಾಟು ಮುಂದ ತಗೊಂಡ್ರ ಸಾಕು, ನಮ್ಮಾಕಿ ಆ ಆಯಿಗಿ ಫೋನ್ ಹಚ್ಚಿ ಸ್ಪೀಕರ್ ಮ್ಯಾಲ ಇಡ್ತಾಳ. ಅದನ್ನ ಒಂದು ಡಬ್ಬ್ಯಾಗ ಕೂಡ್ರಿಸಿ ಕೊಡ್ರಿ, ನಿಮ್ಮ ಕಾಲ ಬೀಳ್ತೀನಿ."

ಬರೇ ಖಾಲಿ ತಗಡಿನ ಡಬ್ಬಿಗಿ ಹಳೇ ಫ್ಯಾನು ಬಿಗಿದು, ರಬ್ಬರ್ ಹಾಕದೇ, ಎಷ್ಟು ಒದರಬೇಕೋ ಅಷ್ಟು ಒದರೋ ಹಂಗ ಮಾಡಿ ಕೊಟ್ಟೆ. ಮರುದಿನವೇ ಅವರ ಹೆಂಡ್ತಿ ಫೋನ್ ಬಂತು. ಆ ಕಡಿಂದ ಮತ್ತ ಅದೇ ಗಿರಣಿ ಸಪ್ಪಳ.

"ಏನ್ರಿ ಇದು ನೀವು ಮಾಡಿಕೊಟ್ಟದ್ದು? ಒಳಗ ಬಿಚ್ಚಿ ನೋಡೀನಿ, ಡಿಸ್ಕಿಲ್ಲ, ಏನಿಲ್ಲ! ಏನ ತಂಪ ಮಾಡ್ತದ್ರಿ ಇದು?"

ನಾ ಯಾವ ಸುಳ್ಳು ಹೇಳ್ಲಿ ಅಂತ ನೋಡೋದ್ರೊಳಗ, ಹಿಂದಿನಿಂದ ಯಜಮಾನ್ರ ದನಿ ಬಂತು, ಬಾಯಿತುಂಬ ಹೋಳಿಗಿ ಇಟಗೊಂಡು:

"ನನ್ನ ತಲಿ!"